ಎಲೊಯ್‌ಗೆ ಇಟ್ಟ ಎರಡು ಮೇಜು

ಅರಾನಿ
ಸೆಪ್ಟೆಂಬರ್ 6, 2009

ಪ್ರೀತಿಯ ವಿಲ್ಮಾ,

ಸಾಂತಾಕ್ರೂಸ್‌ನ ಸೆಕೆಯಲ್ಲಿ ಕೂತು ಇನ್ನೂ ಕಾರ್ನಿವಲ್ಲಿನ ವೇಷ ಹೊಲಿಯುತ್ತಿದ್ದೀಯಾ, ಇಲ್ಲ ಅತ್ತೆಯ ನೆನಪು ಒಂದಿಷ್ಟಾದರೂ ಉಳಿದಿದೆಯಾ? ಫೋನು ಮಾಡಬೇಡವೆಂದು ಮತ್ತೆ ಹೇಳುತ್ತೇನೆ. ನನ್ನ ಕಿವಿಗೆ ನಿನ್ನ ಮಾತು ಅರ್ಧವೂ ಬೀಳುವುದಿಲ್ಲ. ಸುಮ್ಮನೆ ಹೂಂಗುಟ್ಟಿ, ಯಾವುದಕ್ಕೆ ಹೂಂ ಅಂದೆನೋ ಎಂದು ಆಮೇಲೆ ಪೇಚಾಡುತ್ತೇನೆ. ಬರೆದೇ ಕಳಿಸು. ಡಾನ್ ಕಾಸ್ತೊ ಈಗಲೂ ಅದೇ ಬಸ್ಸು ಓಡಿಸುತ್ತಾನೆ, ನಿನ್ನ ಗಂಡನ ಜೊತೆ ಪಾಳಿ ಹಂಚಿಕೊಳ್ಳುತ್ತಿದ್ದ ಬಸ್ಸು. ಅವನ ಕೈಗೆ ಕೊಟ್ಟದ್ದು ಅಂಚೆಯವರ ಕೈಗೆ ಕೊಟ್ಟದ್ದಕ್ಕಿಂತ ಬೇಗ ತಲುಪುತ್ತದೆ.

ಇದು ಮೂರನೆಯ ವರ್ಷ. ನಾನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನವೆಂಬರ್ ಒಂದರ ಸಂತರ ಹಬ್ಬದ ನಡುಮಧ್ಯಾಹ್ನ ನನ್ನ ಮಗ ಮನೆಗೆ ಬರುತ್ತಾನೆ, ಮರುದಿನ ನಡುಮಧ್ಯಾಹ್ನ ಹೊರಡುತ್ತಾನೆ. ಇದರ ಮೇಲೆ ಅವನು ಬರುವುದಿಲ್ಲ. ಸತ್ತವರಿಗೆ ಮೂರೇ ಸಲ ಊಟದ ಮೇಜು ಇಡುವುದು. ಆಮೇಲೆ ಅವರ ದಾರಿ ಅವರಿಗೆ, ನಮ್ಮ ದಾರಿ ನಮಗೆ. ನೀನೂ ಆ ಕಪ್ಪು ಬಟ್ಟೆ ಕಳಚಬಹುದು.

ಭಟ್ಟಿಗೆ ಸೌದೆ ತರಿಸಿದ್ದೇನೆ. ಎರಡು ದಿನ ಮುಂಚೆ ಬಂದರೆ ಇಬ್ಬರೂ ಸೇರಿ ಹಿಟ್ಟು ನಾದಬಹುದು. ಬ್ರೆಡ್ಡಿನ ಬೊಂಬೆಗಳನ್ನು ನಾನು ಮಾಡುತ್ತೇನೆ, ನಿನ್ನ ಕೈಯ ಬೊಂಬೆಗಳು ಭಟ್ಟಿಯಲ್ಲಿ ಉಬ್ಬಿ ಊರ ಮುಖಂಡರ ಹಾಗೆ ಕಾಣುತ್ತವೆ. ಬ್ರೆಡ್ಡಿನ ಏಣಿ ಮಾತ್ರ ನೀನು ಮಾಡು. ಅವನು ಇಳಿದು ಬರುವುದು, ಹತ್ತಿ ಹೋಗುವುದು ಅದರ ಮೇಲೆಯೇ. ಮೂರನೆಯ ವರ್ಷ ಅವನು ಹೋದ ಮೇಲೆ ಅದನ್ನು ಮುರಿದು ಹಂಚಬೇಕು. ಮುರಿಯಬೇಕಾದವಳು ಹೆಂಡತಿ. ತಾಯಿ ಮುರಿಯುವ ಪದ್ಧತಿ ಇಲ್ಲ.

ಪಕ್ಕದ ಮನೆಯ ಫೋರ್ತುನಾತಾ ಈಗಲೇ ಶುರು ಮಾಡಿದ್ದಾಳೆ: "ನಿನ್ ಸೊಸೆ ಬರ್ತಾಳಾ, ಇಲ್ಲಾ ಪಟ್ಟಣದ ಗಾಳಿ ಹೊಡ್ದಿದೆಯಾ?" ಬರುತ್ತಾಳೆ, ನೀನು ನಿನ್ನ ಮನೆಯ ಕೋಳಿ ನೋಡಿಕೋ ಎಂದಿದ್ದೇನೆ. ನನ್ನ ಮಾತು ಉಳಿಸು.

ನಿನ್ನ ಅತ್ತೆ,
ಬೆನಿತಾ


ಸಾಂತಾಕ್ರೂಸ್
ಸೆಪ್ಟೆಂಬರ್ 22, 2009

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತು ಕೂತು ಎದ್ದಿದ್ದೇನೆ. ಸುತ್ತಿ ಬಳಸಿ ಹೇಳುವುದಿಲ್ಲ. ಹಬ್ಬಕ್ಕೆ ನಾನು ಬರುತ್ತಿಲ್ಲ.

ನಮ್ಮ ಅಂಗಡಿಯ ಒಡತಿ ದೋನ್ಯಾ ಕಾರೋಲಾ ಹೊಲಿಗೆಯವರನ್ನೆಲ್ಲ ಕೊಲಂಬಿಯಾದ ಕಾರ್ತಹೇನಾಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ. ಸಮುದ್ರದ ದಂಡೆಯ ಊರು. ಅಕ್ಟೋಬರ್ ಕೊನೆಗೆ ಹೊರಟು ಹ್ಯಾಲೋವೀನ್ ಅಲ್ಲಿಯೇ ಮಾಡಿ ವಾಪಸ್ಸು. ಆ ಊರಿನಲ್ಲಿ ಅವತ್ತು ದೊಡ್ಡವರು, ಚಿಕ್ಕವರು ಎನ್ನದೆ ಎಲ್ಲರೂ ವೇಷ ಹಾಕಿ ಬೀದಿಗಿಳಿಯುತ್ತಾರಂತೆ. ಕಾರೋಲಾ ಅಂದರು: "ಏಯ್ ವಿಲ್ಮಾ, ವರ್ಷವೆಲ್ಲ ಊರೋರ ಮೈಗೆ ವೇಷ ಹೊಲ್ದಿದ್ದೇ ಆಯ್ತು. ಒಂದ್ಸಲ ನಾವೂ ಹಾಕ್ಕೊಂಡು ಕುಣಿಯೋಣ ಬಾರೆ. ಮೂರು ವರ್ಷದಿಂದ ನಿನ್ ಮುಖದಲ್ಲಿ ಹಲ್ಲೇ ಕಂಡಿಲ್ಲ."

ಟಿಕೆಟ್ಟು ಆಗಿಹೋಗಿದೆ. ತಾರೀಖು ಬದಲಿಸಲು ಆಗುವುದಿಲ್ಲವಂತೆ. ನಮ್ಮ ದೇಶಕ್ಕೆ ಸಮುದ್ರವಿಲ್ಲ, ನಾನು ಹುಟ್ಟಿದಂದಿನಿಂದ ನೋಡಿಲ್ಲ, ಒಮ್ಮೆ ನೋಡಬೇಕೆನ್ನಿಸಿತು. ಬೇರೆ ಕಾರಣವೇನೂ ಇಲ್ಲ.

ಏಣಿಯನ್ನು ಬೇರೆ ಯಾರಾದರೂ ಮುರಿಯಲಾರರೇ? ನೀವು ಸಿಟ್ಟು ಮಾಡಿಕೊಳ್ಳುತ್ತೀರೆಂದು ಗೊತ್ತು. ಬೈದು ಬರೆಯಿರಿ, ಆದರೆ ಬರೆಯಿರಿ.

ನಿಮ್ಮ ಸೊಸೆ,
ವಿಲ್ಮಾ


ಅರಾನಿ
ಅಕ್ಟೋಬರ್ 2, 2009

ವಿಲ್ಮಾ,

ಟಿಕೆಟ್ಟಿನ ತಾರೀಖು ಬದಲಿಸಲು ಆಗುವುದಿಲ್ಲ, ಸರಿ. ಸತ್ತವನ ತಾರೀಖು ಬದಲಿಸಲು ಆಗುತ್ತದೆಯೇ? ಅವನಿಗೆ ಹೋಗಿ ಹೇಳಲೇ, "ಮಗನೇ, ನಿನ್ನ ಹೆಂಡತಿ ದೆವ್ವದ ವೇಷ ಹಾಕಿ ಕುಣಿಯಲು ಹೋಗಿದ್ದಾಳೆ, ನೀನು ಮುಂದಿನ ವಾರ ಬಾ" ಎಂದು?

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಿನ್ನ ಕಾಲ ಬಂದಿದೆ, ಹೋಗು. ಹಿಟ್ಟು ನಾನೇ ನಾದುತ್ತೇನೆ. ನನಗೇನು ಹೊಸದೇ? ಅವನನ್ನು ಹೊಟ್ಟೆಯಲ್ಲಿ ಹೊತ್ತುಕೊಂಡೇ ನಾದಿದವಳು ನಾನು.

ಒಂದು ಮಾತು ಮಾತ್ರ ಕೇಳು. ಅವನ ಮುಖ ನೋಡಲು ನನಗಿರುವುದು ಇನ್ನೊಂದೇ ಸಲ. ಆ ಒಂದು ಸಲವಾದರೂ ನೆಟ್ಟಗೆ ನಡೆಯಲೆಂದು ನೀನಿರುವ ಕಡೆಯಿಂದಲೇ ಬೇಡಿಕೋ.

ಬೆನಿತಾ


ಕಾರ್ತಹೇನಾ
ನವೆಂಬರ್ 1, 2009

ಪ್ರೀತಿಯ ಅತ್ತೆಯವರಿಗೆ,

ನಾನು ಊರಿಗೆ ಮರಳಿದ ಮೇಲೆಯೇ ಈ ಕಾಗದ ಡಾನ್ ಕಾಸ್ತೊ ಕೈ ಸೇರುವುದು. ಆದರೂ ಇವತ್ತೇ ಬರೆಯಬೇಕು. ಮಧ್ಯಾಹ್ನದಿಂದ ನೀವು ನನ್ನ ಕಣ್ಣ ಮುಂದೆಯೇ ಇದ್ದೀರಿ.

ಸಮುದ್ರ ನೋಡಿದೆ. ಎಲ್ಲರೂ ಹೇಳುವಷ್ಟು ಉಪ್ಪೇ ಎಂದು ಬೊಗಸೆಯಲ್ಲಿ ಎತ್ತಿ ನೆಕ್ಕಿಯೂ ನೋಡಿದೆ. ಉಪ್ಪೇ. ಈ ಊರಿನಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಮನೆ ಮನೆಯವರೂ ಆಳೆತ್ತರದ ಸ್ಪೀಕರನ್ನು ಬಾಗಿಲ ಹೊರಗಿಟ್ಟು ಹಾಡು ಹಾಕುತ್ತಾರೆ, ಒಬ್ಬರ ಹಾಡಿನ ಮೇಲೆ ಇನ್ನೊಬ್ಬರ ಹಾಡು. ನಿಮ್ಮ ಕಿವಿಗೂ ಇಲ್ಲಿ ಎಲ್ಲವೂ ಕೇಳಿಸೀತು.

ನಿನ್ನೆ ಹ್ಯಾಲೋವೀನ್. ಬಿಸಿಲು ಇಳಿಯುವ ಮುಂಚೆಯೇ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಕಾರೋಲಾ ಗಡ್ಡ ಅಂಟಿಸಿಕೊಂಡು ಪಾದ್ರಿಯಾಗಿದ್ದರು. ಜೊತೆಗೆ ಹೊಲಿಯುವ ಯೊಸೆಲಿನ್ ಸತ್ತ ಮದುಮಗಳು, ಕುತ್ತಿಗೆಯ ತುಂಬ ಕೆಂಪು ಬಣ್ಣ. ನನಗೂ ಏನೋ ಹೊಲಿದಿದ್ದರು, ನಾನು ಹಾಕಿಕೊಳ್ಳಲಿಲ್ಲ. ನನ್ನ ಕಪ್ಪು ಲಂಗ, ಕಪ್ಪು ಶಾಲಿನಲ್ಲಿಯೇ ಅವರ ಹಿಂದೆ ನಡೆದೆ.

ಕೋಡು ಕಟ್ಟಿಕೊಂಡಿದ್ದ ಒಬ್ಬ ನನ್ನ ಮುಂದೆ ನಿಂತು ಸೊಂಟ ಬಗ್ಗಿಸಿ ನಮಸ್ಕರಿಸಿದ. "ಅಬ್ಬಬ್ಬಾ, ವಿಧವೆ ವೇಷ! ಏನ್ ಚೆನ್ನಾಗಿ ಹಾಕಿದೀಯಾ ತಾಯಿ! ಆ ಮುಖ ನೋಡ್ರೋ, ಥೇಟ್ ಗಂಡ ಸತ್ತೋಳ ಥರಾನೇ ಮಾಡಿದಾಳೆ!" ಅವನ ಗೆಳೆಯರೆಲ್ಲ ಬಂದು ನನ್ನ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. "ಎಲ್ ಕೊಂಡ್ಕೊಂಡಿದ್ದು ಇದು?" ಎಂದು ಒಬ್ಬಳು ನನ್ನ ಶಾಲು ಮುಟ್ಟಿ ಕೇಳಿದಳು. ಕಾರೋಲಾ ಬೈಯಲು ಬಾಯಿ ತೆರೆದರು, ನಾನು ಕೈ ಹಿಡಿದೆ. "ನಾನೇ ಹೊಲಿದದ್ದು" ಎಂದೆ. ಸುಳ್ಳೇನಲ್ಲವಲ್ಲ. ನಕ್ಕೂಬಿಟ್ಟೆ, ಅತ್ತೆ. ಆಮೇಲೆ ನಾವು ಇಳಿದುಕೊಂಡಿದ್ದ ಮನೆಗೆ ಒಬ್ಬಳೇ ತಿರುಗಿ ಬಂದೆ.

ಮನೆಯೊಡತಿ ಸೆನ್ಯೋರಾ ನೂಬಿಯಾ ಬಾಗಿಲ ಮೆಟ್ಟಿಲ ಮೇಲೆ ದೊಡ್ಡ ಬೋಗುಣಿಯಲ್ಲಿ ಮಿಠಾಯಿ ಇಟ್ಟುಕೊಂಡು ಕೂತಿದ್ದರು. ಇಲ್ಲಿ ಅವತ್ತು ಮಕ್ಕಳು ವೇಷ ಹಾಕಿ ಮನೆಮನೆಗೂ ಬಂದು ಸಿಹಿ ಕೇಳುತ್ತಾರೆ. "ಒಂಚೂರು ನೋಡ್ಕೊಳ್ಳಮ್ಮ, ಅನ್ನ ತಳ ಹಿಡೀತಿದೆ" ಎಂದು ಬೋಗುಣಿ ನನ್ನ ಮಡಿಲಿಗೆ ಹಾಕಿ ಒಳಗೆ ಹೋದರು. ಒಂದು ಪುಟ್ಟ ಮಾಟಗಾತಿ ಬಂದು ಚೀಲ ಒಡ್ಡಿದಳು. ನಿಮಗೆ ನಗು ಬರಬಹುದು. ನನ್ನ ಕೈ ತನ್ನಷ್ಟಕ್ಕೆ ಬೋಗುಣಿಯನ್ನು ಹಿಂದಕ್ಕೆ ಎಳೆದುಕೊಂಡಿತು. ಹಬ್ಬದಲ್ಲಿ ನಮ್ಮ ಮನೆಗೆ ಬ್ರೆಡ್ಡು ಕೇಳಿ ಬರುವವರಿಗೆ ನೀವು ಏನು ಹೇಳುತ್ತೀರೋ ಅದೇ ನನ್ನ ಬಾಯಿಗೆ ಬಂತು.

"ಮೊದ್ಲು ಎಲೊಯ್ ಹೆಸರಲ್ಲಿ ಒಂದು ಪರಲೋಕ ಮಂತ್ರ ಹೇಳು. ಆಮೇಲೆ ಕೊಡ್ತೀನಿ."

"ಎಲೊಯ್ ಯಾರು?"

"ನನ್ನ ಗಂಡ. ಸತ್ತು ಹೋಗಿದ್ದಾನೆ."

"ನಿಜವಾಗ್ಲೂ ಸತ್ತಿದ್ದಾನಾ, ವೇಷಕ್ಕೆ ಸತ್ತಿದ್ದಾನಾ?"

"ನಿಜವಾಗ್ಲೂ."

ಅವಳು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕೈ ಜೋಡಿಸಿ ಪೂರ್ತಿ ಹೇಳಿದಳು. ಅವಳ ಹಿಂದೆ ಅಸ್ಥಿಪಂಜರ, ಹುಲಿ, ಸೈತಾನ ಎಲ್ಲ ಸಾಲು ನಿಂತರು. ಸೈತಾನನಿಗೆ ನಡುವೆ ಮರೆತುಹೋಯಿತು, ಅಸ್ಥಿಪಂಜರ ಹೇಳಿಕೊಟ್ಟಿತು. ಈ ಮನೆಯಲ್ಲಿ ಪ್ರಾರ್ಥನೆ ಹೇಳಿದರೆ ಕೈತುಂಬ ಕೊಡುತ್ತಾರೆಂದು ಬೀದಿಯೆಲ್ಲ ಸುದ್ದಿಯಾಗಿ ಕೈಯಲ್ಲಿ ಬಾಟಲಿ ಹಿಡಿದ ದೊಡ್ಡವರೂ ಬಂದು ನಿಂತರು. "ಹೆಸರು ಏನಂದ್ರಿ ಅಕ್ಕಾ? ಎಲೊಯ್ಯಾ? ಸರಿ, ಎಲ್ರೂ ಟೋಪಿ ತೆಗೀರೋ." ಮೂರು ವರ್ಷದಲ್ಲಿ ಅಷ್ಟು ಸಲ ನಾನು ಅವನ ಹೆಸರನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಸತ್ತವರಿಗೆ ಬಡಿಸುವ ನಮ್ಮೂರ ಪದ್ಧತಿಯನ್ನು ನೂಬಿಯಾ ರಾತ್ರಿಯೇ ನನ್ನಿಂದ ಕೇಳಿ ತಿಳಿದುಕೊಂಡಿದ್ದರು. ಇವತ್ತು ಮಧ್ಯಾಹ್ನ ಅಂಗಳದ ಮೇಜಿಗೆ ಒಂದು ಕುರ್ಚಿ ಹೆಚ್ಚಿಗೆ ಹಾಕಿದರು. ಕರಿದ ಮೀನು, ತೆಂಗಿನಕಾಯಿ ಅನ್ನ, ಕರಿದ ಬಾಳೆಕಾಯಿ. "ನಿನ್ ಗಂಡನ್ನ ಕರಿಯಮ್ಮ, ಬಿಸಿ ಆರೋದ್ರೊಳಗೆ ತಿನ್ಲಿ" ಎಂದರು. ಇಗರ್ಜಿಯ ಗಂಟೆ ಹೊಡೆಯಿತು. ನಾನು ಕರೆದೆ. ಒಂದು ದೊಡ್ಡ ನೀಲಿ ನೊಣ ಬಂದು ಅನ್ನದ ಅಂಚಿನಲ್ಲಿ ಕೂತಿತು. ನೂಬಿಯಾ ಓಡಿಸಲು ಬಟ್ಟೆ ಎತ್ತಿದರು, ನಾನು ಅವರ ಕೈ ತಡೆದೆ. ಬಹಳ ಹೊತ್ತು ಕೂತಿತ್ತು. ಅತ್ತುಬಿಟ್ಟೆ. ಅತ್ತ ಮೇಲೆ ಹಸಿವಾಯಿತು, ಎಷ್ಟೋ ದಿನದ ಮೇಲೆ ಹೊಟ್ಟೆತುಂಬ ಉಂಡೆ.

ನಾನು ಅವನನ್ನು ಮರೆತು ಕುಣಿಯಲು ಬಂದೆನೆಂದು ನಿಮ್ಮ ಮನಸ್ಸಿನಲ್ಲಿರಬಾರದು. ಅಲ್ಲಿ ನೀವು, ಇಲ್ಲಿ ನಾನು, ಒಂದೇ ಹೊತ್ತಿಗೆ ಬಡಿಸಿದೆವು. ಅದನ್ನು ಹೇಳಲೆಂದೇ ಬರೆದೆ. ನಾಳೆ ದೋಣಿಯಲ್ಲಿ ಯಾವುದೋ ದ್ವೀಪಕ್ಕೆ ಕರೆದುಕೊಂಡು ಹೋಗುತ್ತಾರಂತೆ.

ನಿಮ್ಮ ಸೊಸೆ,
ವಿಲ್ಮಾ


ಅರಾನಿ
ನವೆಂಬರ್ 3, 2009

ವಿಲ್ಮಾ,

ಈ ಕಾಗದ ನಿನಗಾಗಿ ಸಾಂತಾಕ್ರೂಸ್‌ನಲ್ಲಿ ಕಾಯುತ್ತಿರಲಿ. ನಿನ್ನ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಆದರೆ ಬೇರೆ ಯಾರ ಹತ್ತಿರ ಹೇಳಿಕೊಳ್ಳಲಿ?

ಎಲೊಯ್ ಬರಲಿಲ್ಲ.

ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದೆ. ಕಪ್ಪು ಬಟ್ಟೆ ಹಾಸಿ ಮೇಜು ಇಟ್ಟೆ. ಬ್ರೆಡ್ಡಿನ ಬೊಂಬೆ, ಏಣಿ, ಸೂರ್ಯ, ಚಂದ್ರ, ಎರಡು ಕಡೆ ಕಬ್ಬಿನ ಜಲ್ಲೆ, ಅವನಿಗಿಷ್ಟವಾದ ಕೋಳಿ ಖಾರ, ಮುಸುಕಿನ ಜೋಳದ ಹೊಸ ಹೆಂಡ ಚಿಚಾ ಒಂದು ಲೋಟ. ನಡುಮಧ್ಯಾಹ್ನದ ಗಂಟೆ ಹೊಡೆದಾಗ ಮನೆತುಂಬ ಜನ ನಿಂತಿದ್ದರು. ನಾನು ಹೆಸರು ಹಿಡಿದು ಕರೆದೆ.

ಮೊದಲ ವರ್ಷ ನೆನಪಿದೆಯಲ್ಲ, ಗಂಟೆಯ ಸದ್ದು ಮುಗಿಯುವ ಮುಂಚೆಯೇ ನೊಣವಾಗಿ ಬಂದು ಲೋಟದ ಅಂಚಿನ ಮೇಲೆ ಕೂತಿದ್ದ. ಹೋದ ವರ್ಷ ಸೀದಾ ನನ್ನ ಕೈ ಮೇಲೆಯೇ ಬಂದು ಕೂತ. ಈ ವರ್ಷ ಒಂದು ನೊಣವಿಲ್ಲ, ವಿಲ್ಮಾ. ಬ್ರೆಡ್ಡಿನ ಭಟ್ಟಿಯ ಮನೆ ಇದು. ವರ್ಷವಿಡೀ ನೊಣ ಓಡಿಸಿ ನನ್ನ ಭುಜ ಬಿದ್ದುಹೋಗಿದೆ. ಕೋಳಿ ಖಾರ ತೆರೆದಿಟ್ಟಿದ್ದೇನೆ, ಬಿಸಿಲು ಸುಡುತ್ತಿದೆ, ಒಂದು ಚಿಟ್ಟೆ, ಒಂದು ಇರುವೆ, ಏನೂ ಇಲ್ಲ. ಮೇಣದಬತ್ತಿಯ ಉರಿ ಗೋಡೆಗೆ ಬರೆದ ಚಿತ್ರದ ಹಾಗೆ ಅಲ್ಲಾಡದೆ ನಿಂತಿತ್ತು.

ಫೋರ್ತುನಾತಾ ಅಂದಳು, "ಬಸ್ಸು ಲೇಟಾಗಿರ್ಬೇಕು ಬಿಡು, ಡ್ರೈವರ್ ಅಲ್ವಾ." ಯಾರೂ ನಗಲಿಲ್ಲ. ಪ್ರಾರ್ಥನೆ ಹೇಳಲು ಬಂದವರು ಬ್ರೆಡ್ಡು ತೆಗೆದುಕೊಂಡು ನನ್ನ ಮುಖ ನೋಡದೆ ಹೋದರು. "ಮನೇಲಿ ಯಾರೋ ಅವನ ಮನಸ್ಸು ನೋಯಿಸಿರ್ಬೇಕು" ಎಂದು ಬಾಗಿಲಲ್ಲಿ ಯಾರೋ ಪಿಸುಗುಟ್ಟಿದರು. ಕಿವುಡಿಯ ಕಿವಿಗೆ ಇಂಥವು ಮಾತ್ರ ಚೆನ್ನಾಗಿ ಕೇಳಿಸುತ್ತವೆ.

ಮರುದಿನ ನಡುಮಧ್ಯಾಹ್ನದವರೆಗೂ ಮೇಜು ತೆಗೆಯಲು ಬಿಡಲಿಲ್ಲ. ಲೋಟದಲ್ಲಿ ಚಿಚಾ ಹೊಯ್ದಷ್ಟೇ ಇತ್ತು. ಎಲ್ಲರೂ ಏಣಿ ಮುರಿ ಎಂದರು. ಬಾರದೆ ಇದ್ದವನನ್ನು ಕಳಿಸುವುದು ಹೇಗೆ? ಏಣಿ ಹಾಗೆಯೇ ಇದೆ, ಒಣಗಿ ಕಲ್ಲಾಗಿದೆ.

ನಾನೇನು ತಪ್ಪು ಮಾಡಿದೆ? ಹಿಟ್ಟು ನಾದುವಾಗ ನಿನ್ನನ್ನು ಬೈದುಕೊಂಡು ನಾದಿದೆ, ಅದು ನಿಜ. ಅಷ್ಟಕ್ಕೇ ತಾಯಿಯ ಮೇಲೆ ಮುನಿಸಿಕೊಳ್ಳುತ್ತಾನೆಯೇ? ಇದ್ದದ್ದು ಒಂದೇ ಸಲ. ಅದೂ ಹೋಯಿತು.

ಬೆನಿತಾ


ಅರಾನಿ
ನವೆಂಬರ್ 12, 2009

ವಿಲ್ಮಾ,

ಕಾರ್ತಹೇನಾದಲ್ಲಿ ಬರೆದ ನಿನ್ನ ಕಾಗದ ಬಂತು. ಅವನು ಎಲ್ಲಿಗೆ ಹೋಗಿದ್ದನೆಂದು ಈಗ ತಿಳಿಯಿತು.

ನೀನು ಮುಂಚಿನ ದಿನವೇ ಕರೆದೆ. ಬೀದಿಯಲ್ಲಿ ಹೋಗುವವರ ಬಾಯಲ್ಲೆಲ್ಲ ಅವನ ಹೆಸರು ಹೇಳಿಸಿದೆ. ಕುರ್ಚಿ ಹಾಕಿ, ಬಡಿಸಿ, ಗಂಟೆ ಹೊಡೆಯುವಾಗ ಮತ್ತೆ ಕರೆದೆ. ಹೆಂಡತಿ ಕರೆದರೆ ಗಂಡಸು ತಾಯಿಯ ಮನೆಗೆ ಬರುತ್ತಾನೆಯೇ? ಬದುಕಿದ್ದಾಗಲೂ ಬರುತ್ತಿರಲಿಲ್ಲ.

ಒಂದು ದೊಡ್ಡ ನೀಲಿ ನೊಣ ಬಂದು ಕೂತಿತು ಎಂದು ಬರೆದಿದ್ದೀಯಾ. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ನನ್ನ ಪಾಲಿನದನ್ನು ನೀನು ಉಂಡು, ಹೊಟ್ಟೆತುಂಬಿತು ಎಂದು ನನಗೇ ಬರೆದಿದ್ದೀಯಾ.

ಇನ್ನು ಬರೆಯಬೇಡ.

ಬೆನಿತಾ


ಸಾಂತಾಕ್ರೂಸ್
ನವೆಂಬರ್ 19, 2009

ಅತ್ತೆ,

ಬರೆಯಬೇಡ ಅಂದಿದ್ದೀರಿ, ಬರೆಯುತ್ತಿದ್ದೇನೆ.

ದೇವರಾಣೆಗೂ ನಾನು ಹಾಗೆಂದು ಮಾಡಲಿಲ್ಲ. ನಿಮ್ಮಿಂದ ಕಸಿಯಬೇಕೆಂದು ನನ್ನ ಮನಸ್ಸಿನಲ್ಲಿ ಇರಲೇ ಇಲ್ಲ. ಅದು ಮೀನಿನ ಊರು. ಬೀದಿಯಲ್ಲಿ ಮೀನು ಕರಿಯುತ್ತಾರೆ, ಮನುಷ್ಯರಿಗಿಂತ ನೊಣಗಳೇ ಜಾಸ್ತಿ. ಬಂದದ್ದು ಬರೀ ನೊಣವಿರಬಹುದು.

ಇಲ್ಲ. ಈ ಸಾಲನ್ನು ಹೊಡೆದುಹಾಕಬೇಕೆಂದುಕೊಂಡೆ, ಆದರೆ ಇರಲಿ. ಬರೀ ನೊಣವಾಗಿದ್ದರೆ ನಾನು ನೂಬಿಯಾರ ಕೈ ಹಿಡಿಯುತ್ತಿರಲಿಲ್ಲ. ನಿಮಗೆ ಸಮಾಧಾನವಾಗಲೆಂದು ಅವನು ಬರಲಿಲ್ಲವೆಂದು ಹೇಳಲೇ? ಹೇಳಿದರೆ ಅವನು ಎರಡು ಮೇಜಿಗೂ ಬರಲಿಲ್ಲವೆಂದಾಗುತ್ತದೆ.

ಕಾಲಿಗೆ ಬೀಳಲು ಬರಲೇ? ಹೂಂ ಅನ್ನಿ, ಡಾನ್ ಕಾಸ್ತೊ ಬಸ್ಸಿನಲ್ಲಿಯೇ ಹತ್ತಿ ಬರುತ್ತೇನೆ.

ವಿಲ್ಮಾ


ಸಾಂತಾಕ್ರೂಸ್
ಜನವರಿ 24, 2010

ಅತ್ತೆ,

ಕ್ರಿಸ್‌ಮಸ್ಸಿಗೆ ಬರೆದದ್ದಕ್ಕೂ ಉತ್ತರವಿಲ್ಲ. ಡಾನ್ ಕಾಸ್ತೊರನ್ನು ಬಸ್‌ನಿಲ್ದಾಣದಲ್ಲಿ ಹಿಡಿದು ಕೇಳಿದೆ. "ತಗೊಂಡ್ರಮ್ಮ. ಓದಿದ್ರೋ ಇಲ್ವೋ ನಂಗೊತ್ತಿಲ್ಲ. ಭಟ್ಟಿಗಂತೂ ಹಾಕ್ಲಿಲ್ಲ" ಎಂದರು. ಅಷ್ಟು ಸಾಕೆಂದು ವಾಪಸ್ಸು ಬಂದೆ.

ಕಾರ್ನಿವಲ್ ಹತ್ತಿರವಾಯಿತು. ಹಗಲೆಲ್ಲ ಮಣಿ, ಗರಿ, ಜರಿ. ನನ್ನ ಮೈ ಮೇಲೆ ಮಾತ್ರ ಕಪ್ಪೇ ಇದೆ. ಕಾರೋಲಾ ಬೈಯುತ್ತಾರೆ: "ಮೂರು ವರ್ಷ ಮುಗೀತಲ್ಲೇ, ಇನ್ನೂ ಯಾಕೆ?" ಮುಗಿಯಿತೆಂದು ಹೇಳಬೇಕಾದವರು ನೀವು. ನೀವು ಮಾತಾಡುತ್ತಿಲ್ಲ.

ವಿಲ್ಮಾ


ಅರಾನಿ
ಫೆಬ್ರವರಿ 28, 2010

ವಿಲ್ಮಾ,

ಸಿಟ್ಟು ಹೋಗಿದೆ ಎಂದುಕೊಳ್ಳಬೇಡ. ನನಗೆ ನಿದ್ದೆ ಬರುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕೇಳಿದ್ದಕ್ಕೆ ಉತ್ತರ ಕೊಡು.

ಅವನು ತಿಂದನೇ? ಮುಳ್ಳಿರುವ ಮೀನು ಅವನಿಗೆ ಆಗುತ್ತಿರಲಿಲ್ಲ, ಚಿಕ್ಕಂದಿನಲ್ಲಿ ಒಮ್ಮೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಮೀನಿನ ಮೇಲೆ ಕೂತನೋ, ಅನ್ನದ ಮೇಲೆ ಮಾತ್ರವೋ? ಎಷ್ಟು ಹೊತ್ತು ಕೂತಿದ್ದ? ಅವಸರದಲ್ಲಿದ್ದ ಹಾಗೆ ಕಂಡನೋ, ಆರಾಮಾಗಿದ್ದನೋ? ಆ ಹೆಂಗಸು, ಆ ನೂಬಿಯಾ, ಒಳ್ಳೆಯವಳೇ? ಬಟ್ಟೆ ಎತ್ತಿದಳು ಎಂದಿದ್ದೀಯಾ, ಹೊಡೆಯಲಿಲ್ಲ ತಾನೇ?

ಇನ್ನೊಂದು ಮಾತಿದೆ. ನನ್ನ ನಿದ್ದೆ ಕೆಡಿಸಿರುವುದು ಅದೇ. ಕರೆದದ್ದನ್ನು ಬರೆದಿದ್ದೀಯಾ. ಕಳಿಸಿದ್ದನ್ನು ಎಲ್ಲಿಯೂ ಬರೆದಿಲ್ಲ. ಎರಡನೆಯ ತಾರೀಖಿನ ನಡುಮಧ್ಯಾಹ್ನ ಅವನನ್ನು ಕಳಿಸಿಕೊಟ್ಟವರು ಯಾರು? ನೀನು ದೋಣಿ ಹತ್ತಿ ಯಾವುದೋ ದ್ವೀಪಕ್ಕೆ ಹೋಗಿದ್ದೆಯಲ್ಲ? ಅಲ್ಲಿ ಏಣಿಯೂ ಇಲ್ಲ. ನನ್ನ ಮಗನನ್ನು ದಾರಿ ಗೊತ್ತಿಲ್ಲದ ಊರಿನಲ್ಲಿ, ಕುಡಿದು ಕುಣಿಯುವವರ ನಡುವೆ ನಿಲ್ಲಿಸಿ ನೀನು ವಿಮಾನ ಹತ್ತಿದೆಯಾ?

ಪಾದ್ರಿಯನ್ನು ಕೇಳಿದೆ. "ಆತ್ಮಗಳಿಗೆ ದಾರಿ ದೇವರು ತೋರಿಸ್ತಾನೆ ದೋನ್ಯಾ ಬೆನಿತಾ" ಎಂದರು. ಅವರಿಗೇನು ಗೊತ್ತು, ಮಕ್ಕಳಿಲ್ಲದವರು.

ಬೇಗ ಬರೆ.

ಬೆನಿತಾ


ಸಾಂತಾಕ್ರೂಸ್
ಮಾರ್ಚ್ 5, 2010

ಅತ್ತೆ,

ಮೀನಿನ ಹತ್ತಿರ ಹೋಗಲಿಲ್ಲ. ಅನ್ನದ ಮೇಲೆಯೇ ಕೂತಿದ್ದ, ಆಮೇಲೆ ಬಾಳೆಕಾಯಿಯ ಮೇಲೆ. ಅವಸರವೇ ಇರಲಿಲ್ಲ. ಮುಂಗಾಲು ಉಜ್ಜಿಕೊಂಡು ಆರಾಮಾಗಿ ಕೂತಿದ್ದ, ಪಾಳಿ ಮುಗಿಸಿ ಬಂದಾಗ ಕೈ ಉಜ್ಜಿಕೊಳ್ಳುತ್ತಾ ಊಟಕ್ಕೆ ಕೂರುತ್ತಿದ್ದನಲ್ಲ, ಹಾಗೆ. ನೂಬಿಯಾ ಹೊಡೆಯಲಿಲ್ಲ. ನಾನು ಕೈ ಹಿಡಿದ ಕೂಡಲೇ ಅವರಿಗೆ ಅರ್ಥವಾಯಿತು. "ಓಹೋ, ಬಂದ್ರಾ? ಬನ್ನಿ ಸ್ವಾಮಿ, ಕೂತ್ಕೊಳ್ಳಿ" ಎಂದು ತಟ್ಟೆಯನ್ನು ನೆರಳಿಗೆ ಸರಿಸಿದರು.

ಎರಡನೆಯ ತಾರೀಖಿನ ನಡುಮಧ್ಯಾಹ್ನ ನಾನು ದೋಣಿಯಲ್ಲಿದ್ದೆ. ಗಂಟೆ ಕೇಳಿಸುವಷ್ಟು ಹತ್ತಿರದಲ್ಲಿ ಇಗರ್ಜಿ ಇರಲಿಲ್ಲ. ಇಂಜಿನ್ ನಿಲ್ಲಿಸಿದ್ದರು, ಯೊಸೆಲಿನ್ ಮತ್ತು ಉಳಿದವರು ನೀರಿಗೆ ಹಾರುತ್ತಿದ್ದರು. ಹೊತ್ತು ಗೊತ್ತಾಗಲಿಲ್ಲವೆಂದು ಬರೆಯಬಹುದಿತ್ತು. ಗೊತ್ತಾಗಿತ್ತು. ಸೂರ್ಯ ನೆತ್ತಿಯ ಮೇಲಿದ್ದ, ನನ್ನ ನೆರಳು ನನ್ನ ಕಾಲ ಕೆಳಗೆ ಇತ್ತು. "ಹೋಗು" ಎನ್ನಬೇಕಿತ್ತು. ಅನ್ನಲಿಲ್ಲ. ತುಟಿ ಕಚ್ಚಿಕೊಂಡು, ನೆರಳು ಆಚೆ ಸರಿಯುವವರೆಗೂ ಕೂತಿದ್ದೆ.

ನಾನು ಸಮುದ್ರ ನೋಡಲು ಹೋದದ್ದಲ್ಲ, ಅತ್ತೆ. ಆ ಏಣಿ ಮುರಿಯಲು ನನ್ನಿಂದ ಆಗುತ್ತಿರಲಿಲ್ಲ. ಸಮುದ್ರದ ಬದಲು ಮರಳುಗಾಡಿಗೆ ಕರೆದಿದ್ದರೂ ಹೋಗುತ್ತಿದ್ದೆ.

ಅವನು ಅಲ್ಲಿಯೇ ಇದ್ದಾನೆ. ಈಗ ನನಗೂ ನಿದ್ದೆಯಿಲ್ಲ. ಏನು ಮಾಡಲಿ ಹೇಳಿ.

ವಿಲ್ಮಾ


ಅರಾನಿ
ಮಾರ್ಚ್ 17, 2010

ಮಗಳೇ,

ನಿನ್ನ ಕಾಗದ ಓದಿ ಭಟ್ಟಿಯ ಮುಂದೆ ಬಹಳ ಹೊತ್ತು ಕೂತಿದ್ದೆ. ಒಂದು ತಟ್ಟೆ ಬನ್ನು ಸೀದು ಕರಕಲಾಯಿತು. ಫೋರ್ತುನಾತಾ ವಾಸನೆ ಹಿಡಿದು ಓಡಿ ಬಂದಳು. ಅವಳಿಗೆ ಬೇಕಾದದ್ದು ಸಿಕ್ಕಲಿಲ್ಲ.

ತಾಯಿ ಏಣಿ ಮುರಿಯಬಾರದೆಂದು ಯಾರೂ ಹೇಳಿಲ್ಲ. ಹಾಗೊಂದು ಪದ್ಧತಿ ಇಲ್ಲ. ನಾನು ಹುಟ್ಟಿಸಿದ್ದು. ನನ್ನ ಕೈಯಿಂದ ಆಗದೆ ಇದ್ದದ್ದನ್ನು ನಿನ್ನ ಕೈಯಿಂದ ಮಾಡಿಸೋಣವೆಂದಿದ್ದೆ. ನೀನು ತಪ್ಪಿಸಿಕೊಂಡು ಓಡಿದೆ, ನಾನು ಓಡಲಿಲ್ಲ, ನಮ್ಮಿಬ್ಬರ ನಡುವೆ ಇರುವ ವ್ಯತ್ಯಾಸ ಅಷ್ಟೇ. ಇಷ್ಟು ದಿನ ನಿನ್ನನ್ನು ಬೈದದ್ದರಲ್ಲಿ ಅರ್ಧ ನನಗೇ ಸೇರಬೇಕು. ಉಳಿದರ್ಧ ನೀನು ಇಟ್ಟುಕೋ, ಅದನ್ನು ವಾಪಸ್ಸು ತೆಗೆದುಕೊಳ್ಳುವುದಿಲ್ಲ. ನನ್ನ ಮೇಜು ಖಾಲಿ ಇದ್ದದ್ದು ನಿಜ. ಆ ನೋವು ನಾನು ಸಾಯುವವರೆಗೂ ಹೋಗುವುದಿಲ್ಲ.

ಈಗ ಅವನ ವಿಷಯ. ಯೋಚಿಸಿ ನೋಡಿದೆ. ಮದುವೆಯ ಮರುದಿನವೇ ಸ್ಟಿಯರಿಂಗ್ ಹಿಡಿದು ಕೂತವನು ಅವನು. ಕ್ರಿಸ್‌ಮಸ್ಸಿಗೂ ಬಸ್ಸು, ಜ್ವರ ಬಂದರೂ ಬಸ್ಸು. "ಒಂದ್ ದಿನ ರಜ ಹಾಕೋ" ಅಂದರೆ "ರಜ ಹಾಕಿ ಏನ್ಮಾಡ್ಲಮ್ಮ, ಕೂತ್ರೆ ಬೆನ್ನು ನೋಯತ್ತೆ" ಎನ್ನುತ್ತಿದ್ದ. ಬೆಟ್ಟ ಕುಸಿದು ಅವನು ಸತ್ತ ದಿನವೂ ಅವನ ಪಾಳಿಯಲ್ಲ, ಬೇರೆಯವರ ಬದಲಿಗೆ ಅವರ ಬಸ್ಸು ಓಡಿಸಲು ಹೋದದ್ದು. ನನ್ನ ಮಗ ಹುಟ್ಟಿ ಸಾಯುವವರೆಗೆ ಒಂದು ದಿನ ರಜೆಯೆಂದು ಸುಮ್ಮನೆ ಕೂತವನಲ್ಲ.

ಇರಲಿ ಬಿಡು. ಹಾಡು ಇದೆ, ಸಮುದ್ರ ಇದೆ, ತೆಂಗಿನಕಾಯಿ ಅನ್ನ ಇದೆ, ತಟ್ಟೆಯನ್ನು ನೆರಳಿಗೆ ಸರಿಸುವ ಹೆಂಗಸು ಇದ್ದಾಳೆ. ಒಂದು ವರ್ಷ ಅಲ್ಲಿಯೇ ಇರಲಿ.

ನೀನು ಆ ಕಪ್ಪು ಬಟ್ಟೆ ತೆಗೆದಿಡು. ರಜೆಯ ಮೇಲೆ ಹೋದವನಿಗೆ ಯಾರಾದರೂ ಕಪ್ಪು ಉಡುತ್ತಾರೆಯೇ? ಯಾರಾದರೂ ಕೇಳಿದರೆ ಅತ್ತೆ ಹೇಳಿದ್ದಾಳೆ ಅನ್ನು. ಆ ನೂಬಿಯಾಗೆ ಬರೆದು ಏಣಿ ಬೇಯಿಸಲು ಅವಳ ಮನೆಯಲ್ಲಿ ಭಟ್ಟಿ ಇದೆಯೇ ಕೇಳು. ಇಲ್ಲದಿದ್ದರೆ ಹತ್ತಿರದಲ್ಲಿ ಯಾರ ಮನೆಯಲ್ಲಿದೆ ಎಂದು ಕೇಳು. ಈ ಸಲದ ಸಂತರ ಹಬ್ಬಕ್ಕೆ ನಾವಿಬ್ಬರೂ ಅಲ್ಲಿಗೆ ಹೋಗೋಣ. ವಿಮಾನವೆಂದರೆ ನನಗೆ ಹೆದರಿಕೆ, ನೀನು ಕೈ ಹಿಡಿದುಕೋ. ಬಡಿಸಿ, ಕೂರಿಸಿ, ಮರುದಿನ ಹೊತ್ತು ನೆತ್ತಿಗೆ ಬಂದಾಗ ಇಬ್ಬರೂ ಒಟ್ಟಿಗೇ ಹೇಳೋಣ. ನೀನು ಒಬ್ಬಳೇ ಹೇಳಲಾರದೆ ಹೋದೆ, ನಾನೂ ಹೇಳಲಾರೆ. "ಹೋಗು" ಅನ್ನುವುದು ಒಬ್ಬಳ ಗಂಟಲಿನಿಂದ ಬರುವ ಮಾತಲ್ಲ.

ನಿನ್ನ ಅತ್ತೆ,
ಬೆನಿತಾ